ತಕ್ಕಡಿಯ ಮುಖ ಯಾರ ಕಡೆಗಿದೆ?



ನಮ್ಮ ಡಿವಿಜನ್ನಿನ ತೂಕದ ಶೆಡ್ಡಿನಲ್ಲಿ ಮೊದಲು ಮುಳ್ಳಿನ ತಕ್ಕಡಿ ಇತ್ತು. ಎಲೆಯ ಚೀಲವನ್ನು ಕೊಕ್ಕೆಗೆ ಹಾಕಿದರೆ ಮುಳ್ಳು ಎಲ್ಲಿ ನಿಂತಿತೆಂದು ಸಾಲಿನಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಓದು ಬಾರದ ಅಜ್ಜಿಯಂದಿರೂ ಮುಳ್ಳು ನೋಡಿಯೇ ಹದಿನೆಂಟೋ ಇಪ್ಪತ್ತೋ ಎಂದು ಹೇಳಿಬಿಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅದನ್ನು ತೆಗೆದು ಬ್ಯಾಟರಿ ತಕ್ಕಡಿ ಇಟ್ಟರು. ಅದರ ಕೆಂಪು ಅಂಕಿಯ ಮುಖ ರೈಟರ ಕಡೆಗೆ. ಅವರು ಅದನ್ನು ನೋಡಿ ಫೋನಿನಲ್ಲಿ ಒತ್ತಿದರೆ ಲೆಕ್ಕ ನೇರವಾಗಿ ಆಫೀಸಿಗೆ ಹೋಯಿತು. ನಮ್ಮ ಹೆಣ್ಣುಮಕ್ಕಳು ಚೀಲ ಇಟ್ಟರು, ಚೀಲ ಎತ್ತಿಕೊಂಡು ಹೋದರು, ಅಷ್ಟೇ. ಬಟವಾಡೆಯ ದಿನ ಎಲೆಯ ಲೆಕ್ಕ ಕಡಿಮೆ ಬಂದಿದೆಯೆಂದು ಕೇಳಿದರೆ, "ಕಂಪ್ಯೂಟರಿನಲ್ಲಿ ಹಾಗೇ ಇದೆಯಮ್ಮ" ಎಂಬ ಉತ್ತರ.

ಮೂರು ತಿಂಗಳು ಓಡಾಡಿದೆವು. ಕೊನೆಗೆ ನಾವು ಕೇಳಿಕೊಂಡದ್ದು ಬಹಳ ದೊಡ್ಡದೇನಲ್ಲ. ತಕ್ಕಡಿಯನ್ನು ಅರ್ಧ ಸುತ್ತು ತಿರುಗಿಸಿಡಿ, ಅಂಕಿ ನಮಗೂ ಕಾಣಲಿ ಎಂದೆವು. ತಿರುಗಿಸಿಟ್ಟರು. ಅಂದಿನಿಂದ ತೂಕದ ಜಗಳ ಮುಕ್ಕಾಲು ಪಾಲು ಇಳಿದಿದೆ. ಯಂತ್ರ ಅದೇ, ಫೋನೂ ಅದೇ, ರೈಟರೂ ಅವರೇ.

ಈ ಸಂಗತಿಯನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಲೈನುಗಳಿಂದ ಬೆಂಗಳೂರು, ಕೊಯಮತ್ತೂರು, ತಿರುಪ್ಪೂರು ಸೇರಿದ ಮಕ್ಕಳು ಈಗ ಮನೆಗೊಬ್ಬರಂತೆ ಇದ್ದಾರೆ. ಎಲ್ಲರಿಗೂ ಬನಿಯನ್ ಕಂಪನಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಸಿಗುವುದಿಲ್ಲ. ಕೆಲವರು ಗುಜರಿ ಗೋದಾಮಿನಲ್ಲಿ ಲೋಡು ಎತ್ತುತ್ತಾರೆ. ಕೆಲವರು ಒಣ ಕಸ ವಿಂಗಡಿಸುವ ಶೆಡ್ಡಿನಲ್ಲಿದ್ದಾರೆ. ಕಳೆದ ಕ್ರಿಸ್‌ಮಸ್ಸಿಗೆ ಊರಿಗೆ ಬಂದ ಅಂಥ ಒಬ್ಬ ತಂಗಿ ಆರಾಧನೆ ಮುಗಿದ ಮೇಲೆ ಹೊರಗೆ ನಿಂತು, "ಅಣ್ಣಾ, ನಾವು ವಿಂಗಡಿಸಿದ ಮಾಲನ್ನು ತೂಗಿ ಫೋನಿಗೆ ಹಾಕಿಕೊಳ್ಳುತ್ತಾರೆ. ಕಿಲೋ ಲೆಕ್ಕದಲ್ಲಿ ನಮಗೆ ಕೂಲಿ. ಆದರೆ ಎಷ್ಟು ಕಿಲೋ ಆಯಿತೆಂದು ನಮಗೆ ತೋರಿಸುವವರು ಯಾರೂ ಇಲ್ಲ" ಎಂದಳು. ಎಸ್ಸೆಸ್ಸೆಲ್ಸಿಯ ತನಕ ಓದಿ, ಉಪದೇಶಿಯ ಕೆಲಸವನ್ನೂ ಸಂಘದ ಕೆಲಸವನ್ನೂ ಜೊತೆಯಾಗಿ ಮಾಡಿಕೊಂಡು ಬಂದಿರುವ ನಮಗೆ ನಗರದ ಈ ವ್ಯವಹಾರ ಅಷ್ಟಾಗಿ ಗೊತ್ತಿರಲಿಲ್ಲ. ಕೇಳಿ, ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಇತ್ತೀಚೆಗೆ ಸರ್ಕಾರದವರೂ ಕಂಪನಿಯವರೂ 'ಚಕ್ರೀಯ ಆರ್ಥಿಕತೆ' ಎಂಬ ಮಾತನ್ನು ಬಹಳವಾಗಿ ಆಡುತ್ತಿದ್ದಾರೆ. ದೊಡ್ಡ ಮಾತಾದರೂ ಅರ್ಥ ಸರಳ. ವಸ್ತುವನ್ನು ಮಾಡಿ, ಬಳಸಿ, ಎಸೆದುಬಿಡುವ ಬದಲು ಅದನ್ನು ರಿಪೇರಿ ಮಾಡಿ, ಮತ್ತೆ ಬಳಸಿ, ಬಳಸಲಾಗದ್ದನ್ನು ಕರಗಿಸಿ ಹೊಸದಾಗಿ ಮಾಡಿ, ಚಕ್ರದಂತೆ ತಿರುಗಿಸುವುದು. ನಮ್ಮ ತಾಯಂದಿರಿಗೆ ಇದರಲ್ಲಿ ಹೊಸತೇನೂ ಕಾಣದು. ಗೊಬ್ಬರದ ಚೀಲ ಮನೆಯಲ್ಲಿ ಮಳೆಗಾಲದ ಕೊಪ್ಪೆಯಾಯಿತು, ಹಳೆಯ ಸೀರೆ ಕೌದಿಯಾಯಿತು, ಎಣ್ಣೆಯ ಡಬ್ಬ ನೀರಿನ ಕೊಡವಾಯಿತು, ಚಹಾ ಗಿಡ ಸವರಿದ ಕಡ್ಡಿ ಒಲೆಗೆ ಸೌದೆಯಾಯಿತು. ಬಡತನ ಕಲಿಸಿದ ಪಾಠವನ್ನು ಈಗ ನಗರಗಳು ಕಷ್ಟಪಟ್ಟು ಕಲಿಯುತ್ತಿವೆ.

ಕಲಿಯಲೇಬೇಕಾದ ಗತಿಯೂ ಬಂದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷಕ್ಕೆ ಸುಮಾರು 41 ಲಕ್ಷ ಟನ್ ಪ್ಲಾಸ್ಟಿಕ್ ಕಸ ಹುಟ್ಟಿತು. ಬೆಂಗಳೂರು ನಗರ ತನ್ನ ಕಸವನ್ನು ಬಹಳ ಕಾಲ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕದಲ್ಲಿ ಸುರಿಯಿತು. ನೀರು ಕೆಟ್ಟು, ರೋಗ ಬಂದು, ಹಳ್ಳಿಯವರು ರಸ್ತೆಗಿಳಿದರು. 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಕಸದ ಲಾರಿಗಳು ನಿಂತವು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಬೇಕೆಂಬ ಬುದ್ಧಿ ನಗರಕ್ಕೆ ಬಂದದ್ದು ಆ ಹಳ್ಳಿಯವರ ಹೋರಾಟದಿಂದ. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಾದವು.

ಆದರೆ ಇದಕ್ಕೆ ಎಷ್ಟೋ ಮೊದಲಿನಿಂದಲೂ ಬೀದಿಯಲ್ಲಿ ಚೀಲ ಹೊತ್ತು, ಕಾಗದ, ಗಾಜು, ಪ್ಲಾಸ್ಟಿಕ್, ಕಬ್ಬಿಣವನ್ನು ಆಯ್ದು ಗುಜರಿ ಅಂಗಡಿಗೆ ಮುಟ್ಟಿಸುತ್ತಿದ್ದವರು ಇದ್ದರು. ನಾಯಿ ಅಟ್ಟಿಸಿಕೊಂಡು, ಪೊಲೀಸರಿಂದ ಕಳ್ಳರೆನಿಸಿಕೊಂಡು ಬದುಕಿದವರು. ಹೆಚ್ಚಿನವರು ಹೆಂಗಸರು, ದಲಿತರು, ಊರು ಬಿಟ್ಟು ಬಂದವರು. ನಗರದ ಚಕ್ರವನ್ನು ಇಷ್ಟು ಕಾಲ ತಿರುಗಿಸಿದ ಕೈಗಳು ಅವರವು.

ಈಗ ಈ ಕೆಲಸಕ್ಕೆ ಫೋನು, ಕಂಪ್ಯೂಟರು ಬಂದಿವೆ. ಅದರಿಂದ ಆಗುವ ಒಳ್ಳೆಯದನ್ನು ಮೊದಲು ಹೇಳೋಣ. ನಮ್ಮ ನೀಲಗಿರಿಯದೇ ಒಂದು ಉದಾಹರಣೆ. ಕಾಡಿನಲ್ಲಿ ಎಸೆದ ಮದ್ಯದ ಬಾಟಲಿಯ ಚೂರು ಆನೆಗಳ ಕಾಲಿಗೆ ಚುಚ್ಚುತ್ತದೆಂದು ಮದ್ರಾಸ್ ಹೈಕೋರ್ಟು ಗಟ್ಟಿಯಾಗಿ ಹೇಳಿದ ಮೇಲೆ, 2022ರ ಮೇ ತಿಂಗಳಿಂದ ಈ ಜಿಲ್ಲೆಯ ಟಾಸ್ಮ್ಯಾಕ್ ಅಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ಅದನ್ನು ಹಿಂದಿರುಗಿಸುವ ಕ್ರಮ ಬಂತು. ಮದ್ಯದ ವಿಷಯದಲ್ಲಿ ನಮ್ಮ ನಿಲುವು ಏನೆಂದು ನಿಮಗೆ ಗೊತ್ತೇ ಇದೆ. ಬಾಟಲಿಯೇ ಮನೆಗೆ ಬಾರದಿದ್ದರೆ ಇನ್ನೂ ಒಳ್ಳೆಯದು. ಆದರೂ ಬಾಟಲಿ ರಸ್ತೆಯ ಪಕ್ಕ ಬೀಳುವುದು ಕಡಿಮೆಯಾದದ್ದು ಸತ್ಯ. ಮುಂದೆ ಬೇರೆ ಜಿಲ್ಲೆಗಳಿಗೂ ಈ ಕ್ರಮ ಹರಡಿತು. ಅದೇ 2022ರಲ್ಲಿ ಕೇದಾರನಾಥದಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗಳಿಗೆ ಕ್ಯೂಆರ್ ಚೀಟಿ ಅಂಟಿಸಿ ಇಂಥದೇ 10 ರೂಪಾಯಿ ಠೇವಣಿ ಇಟ್ಟರು. ಒಂದೊಂದು ಬಾಟಲಿಗೂ ಒಂದೊಂದು ಗುರುತು ಇರುವುದರಿಂದ ಒಂದೇ ಬಾಟಲಿಗೆ ಎರಡು ಸಲ ಹಣ ಕೊಡುವ ಮೋಸ ತಪ್ಪುತ್ತದೆ, ಹಣ ನೇರವಾಗಿ ಫೋನಿಗೆ ಬರುತ್ತದೆ.

ಗಡಿಯಾಚೆಯ ವಯನಾಡಿನಲ್ಲಿರುವ ನಮ್ಮ ಬಂಧುಗಳು ಇನ್ನೊಂದನ್ನು ನೋಡಿದ್ದಾರೆ. ಅಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಗೆ ಬಂದು ಪ್ಲಾಸ್ಟಿಕ್ ಕೊಂಡೊಯ್ಯುತ್ತಾರೆ. ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ. ಮನೆಯ ಗೋಡೆಗೆ ಅಂಟಿಸಿದ ಕ್ಯೂಆರ್ ಗುರುತನ್ನು ಫೋನಿನಲ್ಲಿ ತೋರಿಸಿಕೊಂಡರೆ ಬಂದದ್ದಕ್ಕೆ, ಹಣ ಪಡೆದದ್ದಕ್ಕೆ ಲೆಕ್ಕ. "ನೀನು ಬರಲೇ ಇಲ್ಲ" ಎಂದು ಯಾರಾದರೂ ತಗಾದೆ ತೆಗೆದರೆ ಆ ಹೆಂಗಸಿನ ಕೈಯಲ್ಲಿ ಉತ್ತರವಿದೆ. ಇದು ಸಣ್ಣ ಮಾತಲ್ಲ.

ಇಷ್ಟು ಒಳ್ಳೆಯದನ್ನು ಕಂಡ ಮೇಲೂ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಟಾಸ್ಮ್ಯಾಕ್ ಅಂಗಡಿಯ ನೌಕರರನ್ನು ಕೇಳಿ ನೋಡಿ. ಬಾಟಲಿಗೆ ಚೀಟಿ ಅಂಟಿಸುವುದು, ವಾಪಸು ಬಂದದ್ದನ್ನು ಎಣಿಸುವುದು, ಜೋಡಿಸಿಡುವುದು ಎಲ್ಲವೂ ತಮ್ಮ ತಲೆಯ ಮೇಲೆ ಬಿದ್ದಿದೆ, ಅದಕ್ಕೆ ತಕ್ಕ ಜನವೂ ಇಲ್ಲ, ಜಾಗವೂ ಇಲ್ಲ ಎಂದು ಅವರ ಸಂಘಗಳು ದೂರಿವೆ. ಬಾಟಲಿಯ ಲೆಕ್ಕ ಸರಿಯಾಗಿದೆ, ಅದನ್ನು ಎಣಿಸಿದವರ ದುಡಿಮೆ ಲೆಕ್ಕಕ್ಕೆ ಸೇರಲಿಲ್ಲ. ವಸ್ತುವಿಗೆ ಗುರುತು ಕೊಡುವ ಯಂತ್ರ, ದುಡಿಯುವ ಕೈಗೂ ಗುರುತು ಕೊಡುತ್ತದೆಯೇ? ನಮ್ಮ ಪ್ರಶ್ನೆ ಇದು.

ಈ ಪ್ರಶ್ನೆ ಇನ್ನೂ ದೊಡ್ಡದಾಗಿ ಕಾಣುವುದು ಪ್ಲಾಸ್ಟಿಕ್ಕಿನ ವ್ಯಾಪಾರದಲ್ಲಿ. 2022ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಪ್ಲಾಸ್ಟಿಕ್ ಕವರಿನಲ್ಲಿ ಸಾಮಾನು ಮಾರುವ ಕಂಪನಿ, ನಿಗದಿಯಾದಷ್ಟು ಪ್ಲಾಸ್ಟಿಕ್ಕು ಮತ್ತೆ ಬಳಕೆಗೆ ಬರುವಂತೆ ನೋಡಿಕೊಳ್ಳಬೇಕು. ಹಾಗೆ ಬಳಕೆಗೆ ತಂದ ಕಾರ್ಖಾನೆಯವರು ಮಾಲಿನ್ಯ ನಿಯಂತ್ರಣ ಮಂಡಳಿಯ ಕಂಪ್ಯೂಟರ್ ಖಾತೆಯಲ್ಲಿ ಪ್ರಮಾಣಪತ್ರ ಪಡೆಯುತ್ತಾರೆ. ಸಾಮಾನು ಮಾರುವ ಕಂಪನಿ ಹಣ ಕೊಟ್ಟು ಆ ಪತ್ರವನ್ನು ಕೊಳ್ಳುತ್ತದೆ. ಆಲೋಚನೆ ಒಳ್ಳೆಯದು. ಕಸ ಮಾಡಿದವರೇ ಅದರ ಖರ್ಚು ಹೊರಬೇಕೆಂಬುದು ನ್ಯಾಯ.

ಆದರೆ ನಡೆದದ್ದೇನು? 2023ರ ಹೊತ್ತಿಗೆ ಮಂಡಳಿಯವರೇ ತನಿಖೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವು ಕಾರ್ಖಾನೆಗಳು ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರ ಹುಟ್ಟಿಸಿದ್ದು ಹೊರಬಿತ್ತು. ಆಯದ ಪ್ಲಾಸ್ಟಿಕ್ಕು, ತೂಗದ ಪ್ಲಾಸ್ಟಿಕ್ಕು, ಕರಗಿಸದ ಪ್ಲಾಸ್ಟಿಕ್ಕಿಗೆ ಪತ್ರ ಸಿಕ್ಕಿತ್ತು. ಕಂಪ್ಯೂಟರು ಸುಳ್ಳು ಹೇಳುವುದಿಲ್ಲವೆಂದು ನಮಗೆ ಬುದ್ಧಿ ಹೇಳುವವರು ಇದನ್ನು ನೆನಪಿಡಲಿ. ಅದಕ್ಕೆ ತುಂಬಿದ್ದನ್ನು ಅದು ತೋರಿಸುತ್ತದೆ, ಅಷ್ಟೇ. ಆ ಖಾತೆಯಲ್ಲಿ ಕಾರ್ಖಾನೆಯ ಹೆಸರಿದೆ, ಕಂಪನಿಯ ಹೆಸರಿದೆ, ಟನ್ನಿನ ಲೆಕ್ಕವಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಅದನ್ನು ಆಯ್ದವಳ ಹೆಸರು ಎಲ್ಲಿಯೂ ಬರುವುದಿಲ್ಲ. ಅವಳ ಹೆಸರೂ ಅವಳ ಕೈಯ ಚೀಟಿಯೂ ಆ ಲೆಕ್ಕದ ಬುಡದಲ್ಲಿ ಇದ್ದಿದ್ದರೆ ಇಷ್ಟು ಸುಳ್ಳು ಕಟ್ಟುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಹೀಗಾಗಿ ಕೂಲಿಯವರ ಹೆಸರು ಬರೆಯಿರಿ ಎಂದು ಕೇಳುವುದು ದಾನ ಕೇಳಿದಂತಲ್ಲ. ಲೆಕ್ಕ ಸರಿಯಾಗಿರಬೇಕಾದರೂ ಅದು ಬೇಕು.

ಯಂತ್ರವನ್ನು ಇನ್ನೊಂದು ರೀತಿಯಲ್ಲಿಯೂ ಬಳಸುತ್ತಾರೆ. ಚಂಡೀಗಢ, ನಾಗಪುರ, ಪಂಚಕುಲಗಳಲ್ಲಿ ಪೌರಕಾರ್ಮಿಕರ ಕೈಗೆ ಗಡಿಯಾರದಂಥ ಸಾಧನ ಕಟ್ಟಿ, ಅವರು ಯಾವ ಗಳಿಗೆಯಲ್ಲಿ ಎಲ್ಲಿ ನಿಂತಿದ್ದಾರೆಂದು ಆಫೀಸಿನಲ್ಲಿ ಕುಳಿತು ನೋಡುವ ಏರ್ಪಾಡು ಮಾಡಿದರು. ಕಾರ್ಮಿಕರು ಪ್ರತಿಭಟಿಸಿದರು. ನೀರು ಕುಡಿಯಲು ನಿಂತರೂ, ಮರೆಗೆ ಹೋದರೂ ಯಾರೋ ನೋಡುತ್ತಿದ್ದಾರೆಂದರೆ ಒಬ್ಬ ಹೆಣ್ಣುಮಗಳಿಗೆ ಹೇಗನಿಸೀತು? ನಮ್ಮ ಹಳೆಯ ಕಂಗಾಣಿ ಮರದ ಹಿಂದೆ ನಿಂತು ನೋಡುತ್ತಿದ್ದ. ಸಂಜೆಗೆ ಅವನೂ ಮನೆಗೆ ಹೋಗುತ್ತಿದ್ದ. ಈ ಕಂಗಾಣಿ ಕೈಯಲ್ಲೇ ಕುಳಿತಿದ್ದಾನೆ.

ಹಾಗಾದರೆ ಫೋನು ಬೇಡವೆನ್ನೋಣವೇ? ನಮ್ಮಲ್ಲಿ ಕೆಲವು ಹಿರಿಯರು ಹಾಗೆನ್ನುತ್ತಾರೆ. ಹಳೆಯ ಪುಸ್ತಕದ ಲೆಕ್ಕವೇ ಚೆನ್ನಾಗಿತ್ತು ಎನ್ನುತ್ತಾರೆ. ಅವರ ನೋವು ಅರ್ಥವಾಗುತ್ತದೆ. ಆದರೆ ಹಳೆಯ ಪುಸ್ತಕದಲ್ಲಿಯೂ ಹೆಬ್ಬೆಟ್ಟು ಒತ್ತಿಸಿಕೊಂಡು ಸಾಲ ಬರೆದುಕೊಂಡವರು ಇದ್ದರಲ್ಲ! ಪುಸ್ತಕ ಓದಲು ಕಲಿತಾಗ ಆ ಮೋಸ ಕಡಿಮೆಯಾಯಿತು. ಈ ಹೊಸ ಪುಸ್ತಕವನ್ನೂ ನಾವು ಓದಲು ಕಲಿಯಬೇಕು. ಅದನ್ನು ನಮಗೆ ಕಾಣುವಂತೆ ತಿರುಗಿಸಿಡಿ ಎಂದು ಒಟ್ಟಾಗಿ ಕೇಳಬೇಕು.

ಒಟ್ಟಾಗಿ ಕೇಳಿದವರು ಇದ್ದಾರೆ. ಪುಣೆಯಲ್ಲಿ ಹಮಾಲರನ್ನು ಸಂಘಟಿಸಿದ ಡಾ. ಬಾಬಾ ಆಢಾವ್ ಮೊದಲಾದವರ ಮುಂದಾಳತನದಲ್ಲಿ 1993ರಲ್ಲಿ ಕಸ ಆಯುವವರು 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘ ಕಟ್ಟಿದರು. ಕಾಗದ, ಗಾಜು, ತಗಡು ಆಯುವ ದುಡಿಮೆಗಾರರ ಪಂಚಾಯಿತಿ ಎಂದು ಅದರ ಅರ್ಥ. ಮೊದಲು ಅವರು ಕೇಳಿದ್ದು ಗುರುತಿನ ಚೀಟಿಯನ್ನು. ಮುಂದೆ ತಮ್ಮದೇ ಸಹಕಾರಿ ಸಂಘವಾದ 'ಸ್ವಚ್ಛ್' ಮೂಲಕ 2008ರಲ್ಲಿ ಪುಣೆ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಮನೆಯವರು ತಿಂಗಳ ಹಣ ಕೊಡುತ್ತಾರೆ, ಆಯ್ದ ಮಾಲನ್ನು ಮಾರಿದ ಹಣವೂ ಅವರಿಗೇ ಸೇರುತ್ತದೆ. ಒಪ್ಪಂದ ಮುಗಿದಾಗಲೆಲ್ಲ ದೊಡ್ಡ ಗುತ್ತಿಗೆದಾರರಿಗೆ ಕೆಲಸ ಕೊಡುವ ಮಾತು ಎದ್ದಿದೆ, ಆಗೆಲ್ಲ ಅವರು ಬೀದಿಗಿಳಿದಿದ್ದಾರೆ. ಅವರನ್ನು ಉಳಿಸಿದ್ದು ಸಂಘ.

ಬೆಂಗಳೂರಿನಲ್ಲಿಯೂ 2011ರಿಂದ ಚಿಂದಿ ಆಯುವವರಿಗೆ ಆಗಿನ ಬಿಬಿಎಂಪಿಯ ಗುರುತಿನ ಚೀಟಿ ಸಿಗತೊಡಗಿತು. ಅದರ ಹಿಂದೆ 'ಹಸಿರು ದಳ'ದಂಥ ಸಂಸ್ಥೆಗಳ ದುಡಿಮೆ ಇತ್ತು. ಹಲವು ಒಣ ಕಸ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಚಿಂದಿ ಆಯ್ದವರೇ ವಹಿಸಿಕೊಂಡರು. ಆಗಿನ ಮೈಂಡ್‌ಟ್ರೀ ಕಂಪನಿ 'ಐ ಗಾಟ್ ಗಾರ್ಬೇಜ್' ಎಂಬ ಕಂಪ್ಯೂಟರ್ ವ್ಯವಸ್ಥೆ ಮಾಡಿ, ಮನೆ ಮತ್ತು ಅಪಾರ್ಟ್‌ಮೆಂಟುಗಳ ಕಸ ಸಂಗ್ರಹದ ಕೆಲಸವನ್ನು ಇಂಥವರಿಗೆ ಜೋಡಿಸಿಕೊಡಲು ಪ್ರಯತ್ನಿಸಿತು. ಗುರುತು ಮೊದಲು ಬಂತು, ಕಂಪ್ಯೂಟರು ಆಮೇಲೆ ಬಂತು ಎಂಬುದನ್ನು ಗಮನಿಸಿರಿ. ಹೆಸರಿದ್ದವರಿಗೆ ಯಂತ್ರ ಸಹಾಯಕ್ಕೆ ಬಂತು.

ಸರ್ಕಾರದ ಕಡೆಯಿಂದಲೂ ಒಂದು ಬಾಗಿಲು ತೆರೆದಿದೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಆಯುವವರನ್ನು ಹೆಸರಿಸಿ, ಅವರನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ಹೇಳಲಾಯಿತು. ಚರಂಡಿ ಕೆಲಸಗಾರರಿಗಾಗಿ 2023ರಲ್ಲಿ ಆರಂಭವಾದ 'ನಮಸ್ತೆ' ಯೋಜನೆಗೆ 2024ರಲ್ಲಿ ಕಸ ಆಯುವವರನ್ನೂ ಸೇರಿಸಿದರು. ಫೋನಿನಲ್ಲಿ ಹೆಸರು ದಾಖಲಿಸಿಕೊಂಡು, ಗುರುತಿನ ಚೀಟಿ, ಆಯುಷ್ಮಾನ್ ಆರೋಗ್ಯ ಕಾರ್ಡು ಕೊಡುವುದು ಅದರ ಉದ್ದೇಶ. ನಗರದಲ್ಲಿ ಈ ಕೆಲಸದಲ್ಲಿರುವ ನಿಮ್ಮ ಮಕ್ಕಳ ಹೆಸರು ಅದರಲ್ಲಿ ಸೇರಿದೆಯೇ ಎಂದು ಇಂದೇ ಫೋನು ಮಾಡಿ ಕೇಳಿರಿ. ಇನ್ನೊಂದು ವಿಷಯ: 2025ರಲ್ಲಿ ಕರ್ನಾಟಕ ಸರ್ಕಾರ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಒಂದು ಕಾನೂನು ಮಾಡಿದೆ. ಊಟ ತಲುಪಿಸುವವರು, ಗಾಡಿ ಓಡಿಸುವವರು ಮುಂತಾದವರಿಗಾಗಿ ಮಾಡಿದ ಕಾನೂನು ಅದು. ಯಂತ್ರ ಯಾವ ಆಧಾರದ ಮೇಲೆ ಕೆಲಸ ಹಂಚುತ್ತದೆ, ಕೂಲಿ ಕಟ್ಟುತ್ತದೆ ಎಂಬುದನ್ನು ತಿಳಿಯುವ ಹಕ್ಕು ಕಾರ್ಮಿಕನಿಗಿದೆ ಎಂಬ ತತ್ವವನ್ನು ಅದು ಒಪ್ಪಿದೆ. ಊಟದ ಪೊಟ್ಟಣ ಹೊರುವವನಿಗೆ ಸಲ್ಲುವ ನ್ಯಾಯ ಕಸದ ಚೀಲ ಹೊರುವವಳಿಗೂ ಸಲ್ಲಬೇಡವೇ?

ಆದುದರಿಂದ ನಗರದ ಕಸದ ಕೆಲಸಕ್ಕೆ ಬರುವ ಯಾವುದೇ ಫೋನು, ತಕ್ಕಡಿ, ಕಂಪ್ಯೂಟರಿನ ಮುಂದೆ ನಮ್ಮವರು ಐದು ಮಾತು ಕೇಳಬೇಕೆಂದು ನಮ್ಮ ಅಭಿಪ್ರಾಯ.

ಒಂದನೆಯದಾಗಿ, ತೂಕದ ಅಂಕಿ ಮಾಲು ತಂದವರಿಗೆ ಕಾಣುವಂತಿರಬೇಕು, ಗಟ್ಟಿಯಾಗಿ ಓದಿ ಹೇಳಬೇಕು.

ಎರಡನೆಯದಾಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡವಾಗಲಿ ತಮಿಳಾಗಲಿ, ದಿನದ ಚೀಟಿ ಕೊಡಬೇಕು.

ಮೂರನೆಯದಾಗಿ, ಫೋನಿಲ್ಲದವರಿಗೆ, ಟವರ್ ಸಿಗದ ಕಡೆ ದುಡಿದವರಿಗೆ ಆ ಕಾರಣಕ್ಕಾಗಿ ಕೂಲಿ ತಪ್ಪಬಾರದು.

ನಾಲ್ಕನೆಯದಾಗಿ, ಲೆಕ್ಕ ತಪ್ಪಿದರೆ ದೂರು ಕೇಳಲು ಒಬ್ಬ ಮನುಷ್ಯ ಇರಬೇಕು. ಕಂಪ್ಯೂಟರಿನಲ್ಲಿ ಹಾಗೇ ಇದೆ ಎಂಬುದು ಉತ್ತರವಾಗಬಾರದು.

ಐದನೆಯದಾಗಿ, ಪ್ರಮಾಣಪತ್ರ ಮಾರಿ ಬರುವ ಹಣದಲ್ಲಿ ಆಯ್ದ ಕೈಗೂ ಒಂದು ಪಾಲು ಇರಬೇಕು.

ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದ ಕಥೆ ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಅವಳು ಆಯ್ದದ್ದನ್ನು ಸಂಜೆ ತಾನೇ ಬಡಿದು, ಎಷ್ಟಾಯಿತೆಂದು ತಿಳಿದುಕೊಂಡು, ಹೊತ್ತು ಮನೆಗೆ ನಡೆದಳು. ಆಯುವವರಿಗೆ ತಮ್ಮ ಅಳತೆ ತಿಳಿದಿರಬೇಕೆಂಬುದು ಅಷ್ಟು ಹಳೆಯ ಮಾತು.

ಇಲ್ಲಿ ಬೆಟ್ಟದ ಮೇಲಿರುವ ನಮಗೂ ಕೆಲಸವಿದೆ. ಲೈನಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಇಡೋಣ. ಒಡೆದ ಗಾಜನ್ನು, ಮಕ್ಕಳ ಡಯಾಪರನ್ನು ಬೇರೆ ಕಾಗದದಲ್ಲಿ ಸುತ್ತಿ ಕೊಡೋಣ; ಅದಕ್ಕೆ ಕೈ ಹಾಕುವವಳು ಯಾರೋ ನಮ್ಮಂಥವರ ಮಗಳು. ಹಾಳಾದ ಫೋನು, ಬ್ಯಾಟರಿಗಳನ್ನು ಒಲೆಗೆ ಹಾಕುವುದು, ತೋಡಿಗೆ ಎಸೆಯುವುದು ಬೇಡ. ಗುಜರಿಯವರು ಲೈನಿಗೆ ಬಂದರೆ ಹಗುರವಾಗಿ ಮಾತನಾಡಿಸಬೇಡಿ, ಒಂದು ಲೋಟ ಚಹಾ ಕೊಡಿ.

ಆ ತಂಗಿ ಹೊಸ ವರ್ಷ ಕಳೆದು ಬೆಂಗಳೂರಿಗೆ ಹೊರಟಾಗ ಮೇಲಿನ ಐದು ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಒಂದು ತಿಂಗಳ ಮೇಲೆ ಅವಳ ಫೋನು ಬಂತು. ಚೀಟಿ ಕೊಡಲು ಶೆಡ್ಡಿನವರು ಇನ್ನೂ ಒಪ್ಪಿಲ್ಲವಂತೆ. ಆದರೆ ಅವಳೂ ಜೊತೆಯ ಏಳು ಮಂದಿ ಹೆಂಗಸರೂ ದಿನವೂ ತೂಕದ ಹೊತ್ತಿಗೆ ತಕ್ಕಡಿಯ ಆ ಬದಿಗೆ ಹೋಗಿ ನಿಂತು, ಅಂಕಿ ನೋಡಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾರಂತೆ. ಬರೆಯಲು ಬಾರದವರಿಗೆ ಇವಳೇ ಬರೆದುಕೊಡುತ್ತಾಳೆ. "ಈಗ ತೂಗುವಾಗ ಸ್ವಲ್ಪ ನಿಧಾನವಾಗಿ ತೂಗುತ್ತಾರೆ ಅಣ್ಣಾ" ಎಂದಳು.

ಅಲ್ಲಿಂದಲೇ ಶುರುವಾಗಲಿ. ನಿಮ್ಮ ಮಕ್ಕಳಿಗೂ ಈ ಹಾಳೆಯನ್ನು ಓದಿ ಹೇಳಿರಿ.